60ಕ್ಕೆ 50 ಕೂಡಿಸಿದರೆ 6050!

ಮಕ್ಕಳೇ, ಅಮ್ಮನ ಜೊತೆ ದಿನಸಿ ಅಂಗಡಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರನ್ನು ಒಮ್ಮೆ ಇಣುಕಿ ನೋಡಿ. ಪರದೆಯ ಮೇಲೆ ಒಂದಷ್ಟು ಬಿಳಿ ಚೌಕ, ಒಂದೆರಡು ಬೂದು ಗುಂಡಿ. ಅಂಗಡಿಯವರು ಚೌಕದಲ್ಲಿ ತೂಕ ಹೊಡೆದು ಗುಂಡಿ ಒತ್ತಿದರೆ ಸಾಕು, ಕಿರ್ರ್ ಅಂತ ಬಿಲ್ಲು ಹೊರಬರುತ್ತದೆ. ಆ ಚೌಕ, ಆ ಗುಂಡಿ ಎಲ್ಲ ಯಾರೋ ಕೂತು ಮಾಡಿದವೇ. ಸಾಫ್ಟ್‌ವೇರ್ ಹಳೆಯದಾಗಿದ್ದರೆ ಅದನ್ನು ವಿಷುಯಲ್ ಬೇಸಿಕ್ ಎಂಬ ಭಾಷೆಯಲ್ಲಿ ಬರೆದಿದ್ದರೂ ಬರೆದಿರಬಹುದು.

ಇದರ ಅಜ್ಜಿಯ ಹೆಸರು ಬರೀ ಬೇಸಿಕ್. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಅಂತ ಇಬ್ಬರು ಗಣಿತದ ಮೇಷ್ಟ್ರಿದ್ದರು. ಆ ಕಾಲದಲ್ಲಿ ಕಂಪ್ಯೂಟರ್ ಹತ್ತಿರ ಸುಳಿಯುತ್ತಿದ್ದವರು ವಿಜ್ಞಾನ, ಗಣಿತ ಓದಿದವರು ಮಾತ್ರ. ಕತೆ, ಚರಿತ್ರೆ ಓದುವ ಹುಡುಗರಿಗೂ ಅದು ಒಲಿಯಬೇಕು ಅನ್ನುವುದು ಈ ಮೇಷ್ಟ್ರುಗಳ ಹಟ. 1964ರ ಮೇ 1, ಬೆಳಗಿನ ಜಾವ 4 ಗಂಟೆಗೆ ಬೇಸಿಕ್ ಮೊದಲ ಸಲ ಓಡಿತು. ‘ಪ್ರಿಂಟ್’ ಅಂದರೆ ಅಚ್ಚು ಹಾಕು, ‘ಗೋ ಟು’ ಅಂದರೆ ಇಂಥ ಸಾಲಿಗೆ ಹೋಗು. ಇಂಗ್ಲಿಷ್ ಅಷ್ಟಾಗಿ ಬಾರದವರೂ ಹತ್ತಿಪ್ಪತ್ತು ಪದ ಕಲಿತು ಶುರು ಮಾಡಬಹುದಿತ್ತು.

ಆದರೆ ಅಜ್ಜಿಯದು ಪುರೋಹಿತರ ರೀತಿ. ಮೊದಲು ನೀರು ಬಿಡಿ, ಆಮೇಲೆ ಹೂವು ಏರಿಸಿ, ಈಗ ಕೈಮುಗಿಯಿರಿ ಅಂತ ಸಾಲಾಗಿ ಹೇಳಿಕೊಂಡು ಹೋಗುವುದು. ಅಂಗಡಿ ವ್ಯಾಪಾರ ಹಾಗೆಲ್ಲಿ ನಡೆಯುತ್ತದೆ? “ಒಂದು ಕೆಜಿ ಬೆಲ್ಲ ಕೊಡಿ... ಅಯ್ಯೋ ಬೇಡ, ಅರ್ಧ ಸಾಕು” ಅನ್ನುವ ಗಿರಾಕಿಗೆ ಏನು ಮಾಡುವುದು?

ಅಲನ್ ಕೂಪರ್ ಎಂಬಾತ, ಕಿಟಕಿಯೊಳಗೆ ಗುಂಡಿಗಳನ್ನು ಮೌಸಿನಿಂದ ಎಳೆದು ಇಡುವ ಒಂದು ಸಲಕರಣೆ ಮಾಡಿದ್ದ. ಮೈಕ್ರೋಸಾಫ್ಟ್ ಅದನ್ನು ಕೊಂಡು, ಬೇಸಿಕ್ ಜೊತೆ ಗಂಟು ಹಾಕಿ, 1991ರಲ್ಲಿ ವಿಷುಯಲ್ ಬೇಸಿಕ್ ಎಂದು ಹೊರತಂದಿತು. ಇಲ್ಲಿ ಕೆಲಸ ತಿರುಗುಮುರುಗು. ಮೊದಲು ಕಾಣುವುದನ್ನು ಜೋಡಿಸಬೇಕು, ಅಪ್ಪಣೆ ಬರೆಯುವುದು ಆಮೇಲೆ. ಪ್ರತಿ ಗುಂಡಿಯೂ ಮನೆಬಾಗಿಲಿನ ಕರೆಗಂಟೆಯಂತೆ ಸುಮ್ಮನೆ ಕಾಯುತ್ತಿರುತ್ತದೆ. ನನ್ನನ್ನು ಒತ್ತಿದರೆ ಏನಾಗಬೇಕು ಅನ್ನುವುದಷ್ಟೇ ಅದರ ಚಿಂತೆ. ಹೀಗೆ ಒತ್ತುವುದಕ್ಕೆ, ಟೈಪ್ ಮಾಡುವುದಕ್ಕೆ ‘ಈವೆಂಟ್’ ಅನ್ನುತ್ತಾರೆ.

ನಾವೂ ಒಂದು ಮಾಡೋಣ. ಖಾಲಿ ಫಾರ್ಮ್, ಅಂದರೆ ಗುಂಡಿಗಳನ್ನಿಡುವ ಕಿಟಕಿ, ತೆರೆಯಿರಿ. ಎರಡು ಟೆಕ್ಸ್ಟ್ ಬಾಕ್ಸ್, ಅಂದರೆ ಬರೆಯುವ ಚೌಕ, ಎಳೆದು ತನ್ನಿ, ಒಂದು ಅಕ್ಕಿಯ ಬೆಲೆಗೆ, ಇನ್ನೊಂದು ಬೆಲ್ಲಕ್ಕೆ. ಕೆಳಗೊಂದು ಗುಂಡಿ. ಗುಂಡಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ, ಮೊದಲ ಚೌಕದಲ್ಲಿದ್ದದ್ದಕ್ಕೆ ಎರಡನೆಯದನ್ನು ಕೂಡಿಸಿ ತೋರಿಸು ಅಂತ ಒಂದು ಸಾಲು. ಈಗ ಓಡಿಸಿ. ಅಕ್ಕಿ 60, ಬೆಲ್ಲ 50. ಗುಂಡಿ ಒತ್ತಿ.

6050!

ಕಂಪ್ಯೂಟರಿಗೆ ಹುಚ್ಚು ಹಿಡಿದಿಲ್ಲ. ಚೌಕದಲ್ಲಿ ಬರೆದದ್ದೆಲ್ಲ ಅದಕ್ಕೆ ಬರೀ ಅಕ್ಷರ. ‘ಬೆಲ್ಲ’ ಎಂಬುದರ ಮುಂದೆ ‘ದಚ್ಚು’ ಇಟ್ಟರೆ ‘ಬೆಲ್ಲದಚ್ಚು’ ಆಗುತ್ತದಲ್ಲ, ಹಾಗೆಯೇ 60ರ ಮುಂದೆ 50 ಇಟ್ಟಿದೆ. ಇದು ಅಕ್ಷರವಲ್ಲ, ಸಂಖ್ಯೆ ಅಂತ ಹೇಳಲು ‘ವ್ಯಾಲ್’ ಎಂಬ ಪದವಿದೆ. ಎರಡು ಚೌಕಕ್ಕೂ ಅದನ್ನು ಹಚ್ಚಿದರೆ 110 ಬರುತ್ತದೆ.

ದುಡ್ಡಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಇದೇ. ಒಂದನ್ನು ಮೂರರಿಂದ ಭಾಗಿಸಿದರೆ 0.3333... ಅಂತ ಮುಗಿಯುವುದೇ ಇಲ್ಲ, ಗೊತ್ತಲ್ಲ? ಸೊನ್ನೆ ಮತ್ತು ಒಂದರಲ್ಲೇ ಎಣಿಸುವ ಕಂಪ್ಯೂಟರಿಗೆ ನಮ್ಮ 10 ಪೈಸೆ, ಅಂದರೆ 0.1 ರೂಪಾಯಿ, ಹಾಗೆಯೇ ಮುಗಿಯದ ಲೆಕ್ಕ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. 0.1ಕ್ಕೆ 0.2 ಕೂಡಿಸಿದಾಗ ಒಳಗೆ ಸಿಗುವುದು 0.30000000000000004. ಒಂದು ಬಿಲ್ಲಿನಲ್ಲಿ ಇದು ಧೂಳಿನ ಕಣ. ಆದರೆ ‘ಇದೂ 0.3 ಎಂಬುದೂ ಒಂದೇನಾ?’ ಅಂತ ಕೇಳಿ ನೋಡಿ, ಕಂಪ್ಯೂಟರ್ ಅಲ್ಲ ಅನ್ನುತ್ತದೆ! ಜಮಾ ಖರ್ಚು ಸರಿತೂಗಬೇಕಾದ ಅಂಗಡಿಯವರು ಇದನ್ನು ಹೇಗೆ ಒಪ್ಪುತ್ತಾರೆ?

ಅದಕ್ಕೇ ವಿಷುಯಲ್ ಬೇಸಿಕ್‌ನಲ್ಲಿ ಹಣಕ್ಕೆಂದೇ ‘ಕರೆನ್ಸಿ’ ಎಂಬ ಬಗೆ ಇತ್ತು. ಅದು ಯಾವ ಮೊತ್ತವನ್ನೇ ಆಗಲಿ 10,000ದಿಂದ ಗುಣಿಸಿ ಪೂರ್ಣಸಂಖ್ಯೆ ಮಾಡಿ ಇಡುತ್ತದೆ. 12.50 ರೂಪಾಯಿ ಒಳಗೆ 1,25,000 ಆಗಿರುತ್ತದೆ, ತೋರಿಸುವಾಗ ಮತ್ತೆ ಭಾಗಿಸಿ 12.50. ಪೂರ್ಣಸಂಖ್ಯೆ ಕೂಡುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ.

ನಮಗೆ ಮಾತ್ರ ಒಂದು ಬೇಜಾರಿತ್ತು. 1998ರಲ್ಲಿ ಬಂದ ಆರನೆಯ ಆವೃತ್ತಿಯ ಟೆಕ್ಸ್ಟ್ ಬಾಕ್ಸಿಗೂ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯ, ಕನ್ನಡ ಬರುತ್ತಿರಲಿಲ್ಲ. ‘ರಾಗಿ’ ಅಂತ ಹಾಕಿದರೆ ‘????’ ಅಂತ ಮುಖ ತೋರಿಸುತ್ತಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕುವ ಫಾಂಟ್‌ಗಳನ್ನು ಬಳಸಿ ಕೆಲಸ ಸಾಗಿಸಬೇಕಿತ್ತು. 2002ರಲ್ಲಿ ಬಂದ ವಿಬಿ ಡಾಟ್ ನೆಟ್‌ನಲ್ಲಿ ಆ ತೊಂದರೆ ತಪ್ಪಿತು.

ಮೈಕ್ರೋಸಾಫ್ಟ್ ಆ ಆರನೆಯ ಆವೃತ್ತಿಯ ಸಲಕರಣೆಯ ಆರೈಕೆಯನ್ನು 2008ರಲ್ಲೇ ನಿಲ್ಲಿಸಿತು. ಆದರೂ ಅದರಲ್ಲಿ ಮಾಡಿದ ಪ್ರೋಗ್ರಾಂಗಳು ಇವತ್ತಿನ ವಿಂಡೋಸ್‌ನಲ್ಲೂ ಓಡುತ್ತವೆ. ವಿಬಿ ಡಾಟ್ ನೆಟ್ ಈಗಲೂ ದುಡ್ಡಿಲ್ಲದೆ ಸಿಗುತ್ತದೆ, ಶಾಲೆಯ ಲ್ಯಾಬಿನಲ್ಲಿ ಹಾಕಿಕೊಡಿ ಅಂತ ಕೇಳಿ ನೋಡಿ. ನಿಮ್ಮ ಮೊದಲ ಬಿಲ್ಲಿನಲ್ಲೂ 6050 ಬಂದರೆ ಗಾಬರಿಯಾಗಬೇಡಿ, ‘ವ್ಯಾಲ್’ ಮರೆತಿದ್ದೀರಿ, ಅಷ್ಟೇ.