ಎಬ್ಬಿಸದ ಅಲಾರಾಂ

ಅಮೆರಿಕದ ಸಿಯಾಟಲ್ ನಗರದ ಡಾನಾ ಲೂಯಿಸ್ ಅವರಿಗೆ ಟೈಪ್ 1 ಮಧುಮೇಹ. ಜೊತೆಗೆ ಗಾಢ ನಿದ್ದೆ. ಚರ್ಮಕ್ಕೆ ಅಂಟಿಸಿದ ಸೆನ್ಸರ್ ಐದೈದು ನಿಮಿಷಕ್ಕೆ ಸಕ್ಕರೆ ಅಳೆದು, ಮಟ್ಟ ತೀರಾ ಇಳಿದರೆ ಪುಟ್ಟ ಸಾಧನದಲ್ಲಿ ಅಲಾರಾಂ ಬಾರಿಸುತ್ತಿತ್ತು. ಆ ಸದ್ದಿಗೆ ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ರಾತ್ರಿ ಸಕ್ಕರೆ ಕುಸಿದರೆ ಪ್ರಾಣಕ್ಕೇ ಸಂಚಕಾರ.

ಸದ್ದು ಹೆಚ್ಚಿಸಬೇಕಾದರೆ ಅಂಕಿಗಳು ಸಾಧನದಿಂದ ಹೊರಬರಬೇಕು. ಆದರೆ ಬೀಗ ಕಂಪನಿಯ ಕೈಯಲ್ಲಿತ್ತು. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಫ್ಟ್‌ವೇರ್ ಎಂಜಿನಿಯರ್ ಜಾನ್ ಕಾಸ್ಟಿಕ್ ಆ ಬೀಗ ತೆಗೆದರು. ಪುಟ್ಟ ಮಗನ ಸಕ್ಕರೆ ಎಷ್ಟಿದೆಯೆಂದು ತಾವಿದ್ದಲ್ಲಿಂದಲೇ ನೋಡುವುದು ಅವರಿಗೆ ಬೇಕಿತ್ತು. ಅವರು ಹಂಚಿಕೊಂಡ ಕೋಡ್ ಹಿಡಿದು ಲೂಯಿಸ್ ಮತ್ತು ಅವರ ಜೊತೆಗಾರ ಸ್ಕಾಟ್ ಲೈಬ್ರಾಂಡ್ ಮೊದಲು ಜೋರು ಅಲಾರಾಂ ಮಾಡಿಕೊಂಡರು. ಆಮೇಲೆ, ಸಕ್ಕರೆ ಎತ್ತ ಸಾಗುತ್ತಿದೆಯೆಂದು ಮುಂಚೆಯೇ ಲೆಕ್ಕ ಹಾಕುವ ತಂತ್ರಾಂಶ. 2014ರ ಡಿಸೆಂಬರ್ ಹೊತ್ತಿಗೆ ಆ ಲೆಕ್ಕವೇ ಇನ್ಸುಲಿನ್ ಪಂಪನ್ನು ನಡೆಸತೊಡಗಿತು. ಮರುವರ್ಷ ಅದರ ವಿನ್ಯಾಸ 'ಓಪನ್‌ಎಪಿಎಸ್' ಹೆಸರಿನಲ್ಲಿ ಎಲ್ಲರಿಗೂ ಉಚಿತ. ಇಂಥ ಮೊದಲ ಕಂಪನಿ ಪಂಪಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ.

ಮನೆಯಲ್ಲಿ ಜೋಡಿಸಿದ ಯಂತ್ರಕ್ಕೆ ಇನ್ಸುಲಿನ್ ಒಪ್ಪಿಸುವುದೇ ಎಂಬ ಅಳುಕು ಸಹಜ, ಸರಿಯೂ ಹೌದು. ನಂಬಬೇಕಾದರೆ ಪರೀಕ್ಷೆಯಾಗಬೇಕು. ನ್ಯೂಜಿಲೆಂಡಿನಲ್ಲಿ 7ರಿಂದ 70 ವರ್ಷದ 97 ಮಂದಿಯ ಅಧ್ಯಯನದಲ್ಲಿ ಓಪನ್‌ಎಪಿಎಸ್ ಲೆಕ್ಕದ ಮೇಲೆ ನಡೆಯುವ ಮುಕ್ತ ತಂತ್ರಾಂಶವನ್ನು ಪರೀಕ್ಷಿಸಲಾಯಿತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸೆನ್ಸರ್ ಮತ್ತು ಪಂಪ್ ಮಾತ್ರ ಬಳಸಿದವರಿಗಿಂತ ಈ ತಂತ್ರಾಂಶ ಬಳಸಿದವರ ಸಕ್ಕರೆ ದಿನಕ್ಕೆ 3 ಗಂಟೆ 21 ನಿಮಿಷ ಹೆಚ್ಚು ಕಾಲ ಹದದಲ್ಲಿತ್ತು.

ಅಲಾರಾಂ ಜೋರು ಮಾಡಿಕೊಂಡಾಗ ಲೂಯಿಸ್ ಯುವತಿ. ಎಪ್ಪತ್ತು ದಾಟಿದವರಿಗೆ ತೊಡಕು ಬೇರೆ ಬಗೆಯದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನೇ. ಸಾಧನಗಳು ಬಾರಿಸುವ ಬೀಪ್ ಹೆಚ್ಚಾಗಿ ಅಂಥ ಸ್ವರದ್ದು. ಒಣಗಿದ ಬೆರಳಿಗೆ ಟಚ್‌ಸ್ಕ್ರೀನ್ ಒಮ್ಮೊಮ್ಮೆ ಜಪ್ಪಯ್ಯ ಅಂದರೂ ಓಗೊಡುವುದಿಲ್ಲ. ಅಜ್ಜಿಗೆ ಮೊಬೈಲ್ ಬರುವುದಿಲ್ಲ ಎಂದು ಮನೆಯವರು ನಗುತ್ತಾರೆ. ಎಷ್ಟೋ ಸಲ ಮೊಬೈಲಿನ ಲೆಕ್ಕಕ್ಕೇ ಅಜ್ಜಿ ಬಂದಿರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ನಾಲ್ಕು ವರ್ಷದ ಮಗುವಿನ ಅಂಕಿಗಳನ್ನು ಅಪ್ಪ ನೋಡುವುದು ಒಂದು ಮಾತು. ಎಂಬತ್ತರ ಹಿರಿಯರು ರಾತ್ರಿ ಹೋಳಿಗೆ ತಿಂದದ್ದು ಮಗನ ಫೋನಿನಲ್ಲಿ ಗ್ರಾಫ್ ಆಗಿ ಮೂಡಿ, ಬೆಳಗಾಗುವ ಮುನ್ನ ಬೈಗುಳ ಬರುವುದು ಬೇರೆಯೇ ಮಾತು. ಯಾರಿಗೆ ಅಂಕಿ ಕಾಣಬೇಕು, ಯಾರನ್ನು ಪಟ್ಟಿಯಿಂದ ತೆಗೆಯಬೇಕು ಎಂದು ಆರಿಸುವ ಅನುಕೂಲ ಇಂದಿನ ಪ್ರಮುಖ ಸೆನ್ಸರ್ ಆ್ಯಪ್‌ಗಳಲ್ಲಿ ಇದೆ. ಆದರೆ ಕೆಲವೊಮ್ಮೆ ಅದನ್ನು ಇಟ್ಟಿರುವುದು ಮೆನುವಿನೊಳಗಿನ ಮೆನುವಿನಲ್ಲಿ.