ಕೆರೆ ಯಾರದು, ಕೊಳೆ ಯಾರದು?

(ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಕಾರ್ಮಿಕರೂ ಚಿಲ್ಲರೆ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪರಿಸರ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮಂತ್ರಿಗಳು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಹೊಗೆ ಉಗುಳುವ ಕಂಪನಿಗಳೇ ಹಸಿರು ಬಣ್ಣದ ಜಾಹೀರಾತು ಕೊಡುತ್ತವೆ. ಇದನ್ನು ನೋಡಿ, ಇದು ಹೊಟ್ಟೆ ತುಂಬಿದವರ ಮಾತು, ಕೂಲಿಯವನಿಗೂ ಅಂಗಡಿಯವನಿಗೂ ಇದರಲ್ಲಿ ಏನು ಕೆಲಸ ಎಂದು ಅನೇಕರು ಕೇಳುತ್ತಾರೆ. ನಾವು ಹೇಳುವುದು ಇಷ್ಟೆ: ಯಾರು ಉಣ್ಣುತ್ತಾರೆ, ಯಾರು ಎಂಜಲೆಲೆ ಎತ್ತುತ್ತಾರೆ ಎಂಬುದೇ ಪರಿಸರದ ಪ್ರಶ್ನೆ. ಆದ್ದರಿಂದ ಅದು ಮೊದಲು ನಮ್ಮ ಪ್ರಶ್ನೆ.

1987ರಲ್ಲಿ ವಿಶ್ವಸಂಸ್ಥೆಯ ಒಂದು ಆಯೋಗ ಸುಸ್ಥಿರ ಅಭಿವೃದ್ಧಿ ಎಂಬ ಮಾತಿಗೆ ಅರ್ಥ ಹೇಳಿತು. ಇಂದಿನವರ ಅಗತ್ಯ ತೀರಬೇಕು, ಆದರೆ ಮುಂದಿನವರ ಪಾಲನ್ನು ನುಂಗಬಾರದು ಎಂಬುದೇ ಅದರ ತಿರುಳು. 1992ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದಲ್ಲಿ ಸೇರಿದ ರಾಷ್ಟ್ರಗಳು, ಭೂಮಿಯ ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರ ಹೊಣೆಯೂ ಒಂದೇ ತೂಕದ್ದಲ್ಲ ಎಂದು ಒಪ್ಪಿದವು. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದರೆ ನಮ್ಮ ದೇಶದಲ್ಲಿ ಸುಮಾರು 2 ಟನ್. ಹೆಚ್ಚು ಸುಟ್ಟವನು ಹೆಚ್ಚು ತೆರಬೇಕೆಂಬುದು ನ್ಯಾಯ. ಈ ನ್ಯಾಯವನ್ನು ಹೊರದೇಶಗಳ ಮುಂದೆ ಗಟ್ಟಿಯಾಗಿ ಕೇಳುವ ನಮ್ಮ ಆಳುವವರು, ಬೆಂಗಳೂರಿಗೂ ಕೋಲಾರಕ್ಕೂ ನಡುವೆ ಮಾತ್ರ ಅದನ್ನು ಮರೆತುಬಿಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೀಳುವ ಮಳೆ ವರ್ಷಕ್ಕೆ ಸುಮಾರು 28 ಅಂಗುಲ. ಅದನ್ನು ಹಿಡಿದಿಡಲು ಹಿಂದಿನವರು ಎರಡು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಭೂಮಿ ಬಿಟ್ಟ ಸಂಗತಿ, ಕಟ್ಟುಕೊಡಗೆ, ದಶವಂದ ಎಂಬ ಹೆಸರಿನಲ್ಲಿ, ಈ ಸೀಮೆಯ ಶಾಸನಗಳಲ್ಲಿ ಸಿಕ್ಕುತ್ತದೆ. ಅದೇನೂ ರಾಮರಾಜ್ಯವಾಗಿರಲಿಲ್ಲ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಬಹುಮಟ್ಟಿಗೆ ದಲಿತ. ಊರಿನ ಬಾವಿಯನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ. ಆದರೂ ಒಂದು ಕಟ್ಟಳೆ ಇತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಒಬ್ಬನೇ ಎಲ್ಲವನ್ನೂ ಕುಡಿಯುವಂತಿರಲಿಲ್ಲ.

ಈ ಕಟ್ಟಳೆಯನ್ನು ಮುರಿದದ್ದು ಕೊಳವೆಬಾವಿ. ಹಣವಿದ್ದವನು 500 ಅಡಿ ಕೊರೆದ, ಪಕ್ಕದವನ ತೆರೆದ ಬಾವಿ ಬತ್ತಿತು. ಆಮೇಲೆ 1,000 ಅಡಿ, ಈಗ 1,500 ಅಡಿ ದಾಟಿದರೂ ಧೂಳು. ಜಿಲ್ಲೆಯ ತಾಲ್ಲೂಕುಗಳನ್ನೆಲ್ಲ ಅಂತರ್ಜಲ ಅತಿಯಾಗಿ ಬಳಕೆಯಾದ ಪಟ್ಟಿಗೆ ಸೇರಿಸಲಾಯಿತು. ಆಳದ ಬಂಡೆಯ ಫ್ಲೋರೈಡ್ ನೀರಿಗೆ ಇಳಿಯಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಆ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ; ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ ಬಿಗಿಯುತ್ತದೆ. ಇತ್ತ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಬಂತು. 1983ರಲ್ಲೇ ತುಮಕೂರು ಸೀಮೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತೆಸೆದು ಪ್ರತಿಭಟಿಸಿದರು. ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ವರ್ತಕ ಮಿತ್ರರು ಒಂದು ಲೆಕ್ಕ ನೋಡಬೇಕು. ಶ್ರೀನಿವಾಸಪುರದ ಮಾವಿನ ತೋಟದವನು, ಮುಳಬಾಗಿಲಿನ ಟೊಮೇಟೊ ಬೆಳೆಗಾರ ಬೋರು ಕೊರೆಸಿ ಸಾಲಗಾರನಾದರೆ, ಅಂಗಡಿಯ ಸಾಲದ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಬಾಕಿ ತೀರುವುದಿಲ್ಲ. ಕಾರ್ಮಿಕ ಬಂಧುಗಳೂ ನೋಡಬೇಕು. ಟ್ಯಾಂಕರ್ ನೀರಿಗೆ ಕೊಡುವ ಪ್ರತಿ ರೂಪಾಯಿಯೂ ಕೂಲಿಯಲ್ಲಿ ಆದ ಕಡಿತವೇ.

ಈ ಬರಗಾಲದ ನೆಲಕ್ಕೆ 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ನೀರು ಬಂತು. ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧಗೊಳಿಸಿ ದಿನಕ್ಕೆ 440 ದಶಲಕ್ಷ ಲೀಟರ್ ಹರಿಸಿ, ಕೋಲಾರ ಜಿಲ್ಲೆಯೂ ಚಿಂತಾಮಣಿ ತಾಲ್ಲೂಕೂ ಸೇರಿ 126 ಕೆರೆ ತುಂಬಿಸುವ ಯೋಜನೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಜುಲೈ ತಿಂಗಳಲ್ಲೇ ಅಲ್ಲಿ ನೊರೆ ಎದ್ದಿತು. ಹೈಕೋರ್ಟಿನ ತಡೆ ಬಂತು, ಹೋಯಿತು. 2019ರಲ್ಲಿ ಸುಪ್ರೀಂ ಕೋರ್ಟಿನ ತಡೆಯೂ ಬಂದು, ಅದೇ ವರ್ಷ ತೆರವಾಯಿತು.

ಕೆರೆ ತುಂಬಿದ ಕಡೆ ಸುತ್ತಲಿನ ಅಂತರ್ಜಲ ಮೇಲೇರಿತು. ಇದು ನಿಜ, ಇದನ್ನು ಅಲ್ಲಗಳೆಯುವುದು ತರವಲ್ಲ. ಆದರೆ ಈ ಯೋಜನೆ ರೂಪುಗೊಂಡದ್ದು ಎರಡನೆಯ ಹಂತದ ಶುದ್ಧೀಕರಣದ ಮೇಲೆ. ಮೊದಲ ಹಂತದಲ್ಲಿ ಕಸ ಕೂರುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನು ತೆಗೆಯಲು ಮೂರನೆಯ ಹಂತ ಬೇಕು. ಕಾರ್ಖಾನೆಯ ರಾಸಾಯನಿಕವನ್ನಂತೂ ಚರಂಡಿಗೆ ಸೇರುವ ಮುಂಚೆಯೇ ತಡೆಯಬೇಕು. ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರಲು ದುಡ್ಡಿರುವ ನಗರಕ್ಕೆ, ಅದೇ ನೀರನ್ನು ಮೂರನೆಯ ಸಲ ತೊಳೆಯಲು ದುಡ್ಡಿಲ್ಲವೆಂದರೆ ನಂಬುವವರು ಯಾರು?

ಇದು ದಾನವೆಂದು ಕೆಲವರು ಹೇಳುತ್ತಾರೆ. ಬೆಂಗಳೂರಿಗೆ ಹಾಲು ಹೋಗುವುದು ಇಲ್ಲಿಂದ, ತರಕಾರಿ ಇಲ್ಲಿಂದ. ಅಲ್ಲಿನ ಮನೆಗಳಿಗೆ ಮಾಲೂರಿನ ಇಟ್ಟಿಗೆ, ಹೆಂಚು. ಮುಂಜಾನೆಯ ರೈಲಿನಲ್ಲಿ ಹೋಗುವ ಕೂಲಿಗಳು ಇಲ್ಲಿನವರು. ಒಂದು ಬಟ್ಟಲು ಅನ್ನದಲ್ಲೂ ಒಂದು ಇಟ್ಟಿಗೆಯಲ್ಲೂ ನೀರಿದೆ. ಕೊಟ್ಟ ನೀರನ್ನು ಹಿಂದಕ್ಕೆ ಕೇಳುವುದು ಭಿಕ್ಷೆಯಲ್ಲ. ಬಂದ ನೀರನ್ನು ನಾವು ಬೇಡವೆನ್ನುವುದಿಲ್ಲ, ಕೊಳೆಯನ್ನು ಬೇಡವೆನ್ನುತ್ತೇವೆ.

ಇದೇ ನ್ಯಾಯ ನಮಗೂ ಅನ್ವಯಿಸಬೇಕು. ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರು ನಮ್ಮ ಜಿಲ್ಲೆಗೆ ಬರುತ್ತದೆಂದು 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರಲ್ಲಿ ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಆ ಕಾಡು, ಕೆಳಗಿನ ನೇತ್ರಾವತಿ, ಅದನ್ನು ನಂಬಿದ ದಕ್ಷಿಣ ಕನ್ನಡದ ಬಡವರು ಏನಾಗಬೇಕೆಂಬ ಪ್ರಶ್ನೆಗೆ ಕಿವಿಗೊಡದೆ, ಬೆಂಗಳೂರಿನ ಮುಂದೆ ನ್ಯಾಯ ಕೇಳುವ ಬಾಯಿ ನಮಗೆ ಉಳಿಯುವುದಿಲ್ಲ. ಇಲ್ಲಿನ ಕೆರೆಯ ಹೂಳೆತ್ತದೆ, ರಾಜಕಾಲುವೆ ಬಿಡಿಸದೆ, ದೂರದ ಹೊಳೆಗೆ ಕೈ ಚಾಚುವುದು ಗುತ್ತಿಗೆದಾರರಿಗೆ ಹಬ್ಬ, ಜನಕ್ಕೆ ಉಪವಾಸ.

1952ರ ಪಂಚಮಢಿ ಸಮ್ಮೇಳನದಲ್ಲಿ ಡಾ. ಲೋಹಿಯಾ ಅವರು, ಬಂಡವಾಳಶಾಹಿ ಮತ್ತು ಕಮ್ಯೂನಿಸಂ ಎರಡೂ ಒಂದೇ ಬಗೆಯ ದೊಡ್ಡ ಯಂತ್ರವನ್ನು ನಂಬಿವೆ, ಬಡ ದೇಶಗಳಿಗೆ ಅದು ದಾರಿಯಲ್ಲ ಎಂದು ವಾದಿಸಿದರು. ಕೆರೆ ಎಂಬುದು ಊರಿನ ಕೈಗೆ ಎಟುಕುವ ಸಣ್ಣ ಯಂತ್ರ. ಅದನ್ನು ಉಳಿಸುವುದು ಹಳೆಯದರ ವ್ಯಾಮೋಹವಲ್ಲ, ಸಮಾಜವಾದದ ಕೆಲಸ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ.

ಒಂದು, ಬೆಂಗಳೂರಿನಿಂದ ಬರುವ ಪ್ರತಿ ಹನಿಯೂ ಮೂರನೆಯ ಹಂತ ದಾಟಿ ಬರಬೇಕು. ಖರ್ಚು ಅಲ್ಲಿನ ದೊಡ್ಡ ಬಳಕೆದಾರರ ಮೇಲೆ ಬೀಳಬೇಕು.

ಎರಡು, ಕೆರೆಯ ಮತ್ತು ಕೊಳವೆಬಾವಿಯ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೂ ಸಂತೆಯ ಬೀದಿಗೂ ಅಂಟಿಸಬೇಕು.

ಮೂರು, ಕೆರೆಯಂಗಳದ ಒತ್ತುವರಿಯನ್ನು ದೊಡ್ಡವರಿಂದ ಆರಂಭಿಸಿ ತೆರವು ಮಾಡಬೇಕು, ಗುಡಿಸಲಿನಿಂದ ಆರಂಭಿಸಕೂಡದು.

ನಾಲ್ಕು, ಪ್ರತಿ ಕೆರೆಗೂ ಸಂಬಳದ ನೀರಗಂಟಿ ಬೇಕು. ಅವನು ಯಾವ ಜಾತಿಯವನಾದರೂ ಸರಿ, ಗೌರವದ ನೌಕರನಾಗಿರಬೇಕು.

ಮುಂದಿನ ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಈ ನಾಲ್ಕನ್ನೂ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕಾರ್ಮಿಕ ಸಂಘ ಮುಂದೆ ನಿಲ್ಲಲಿ, ವರ್ತಕರು ಜೊತೆಗಿರಲಿ, ರೈತರನ್ನು ಕರೆದುಕೊಳ್ಳಿ. ಲೋಕದ ಹೊಣೆಯಲ್ಲಿ ನಮ್ಮ ಪಾಲಿನ ಕೆಲಸ ನಮ್ಮ ಕೆರೆಯ ಏರಿಯ ಮೇಲೆಯೇ ಇದೆ.