ಕಣ್ಣಿನ ಆರೈಕೆಗೆ ಬೇಕಾದ ಕೈಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೇತ್ರತಜ್ಞರೊಬ್ಬರು ಮಾಡಿದ ಭಾಷಣ)



ನನ್ನ ಅಜ್ಜಿ ನಡೆಯುವಾಗ ಬಾಗಿಲ ಚೌಕಟ್ಟಿಗೆ ತಾಗುತ್ತಿದ್ದರು. ವಯಸ್ಸಾಯಿತೆಂದು ನಾವು ಸುಮ್ಮನಿದ್ದೆವು. ಆಸ್ಪತ್ರೆಗೆ ಕರೆದೊಯ್ದಾಗ ಅದು ಗ್ಲಾಕೋಮಾ ಎಂದು ತಿಳಿಯಿತು. ಬರೀ ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತಿತ್ತು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಯಾರಾದರೂ ಮೊದಲೇ ಕಣ್ಣಿನ ಒತ್ತಡ ಅಳೆದು, ನರವನ್ನು ಪರೀಕ್ಷಿಸಿದ್ದರೆ ಉಳಿದ ದೃಷ್ಟಿಯನ್ನು ಕಾಪಾಡಬಹುದಿತ್ತು. ಆ 'ಯಾರಾದರೂ' ಯಾರು ಎಂಬುದೇ ನನ್ನ ಇಂದಿನ ವಿಷಯ.

ಡಾ. ಎಂ.ಸಿ. ಮೋದಿಯವರು ನಡೆಸಿದ ಉಚಿತ ನೇತ್ರ ಶಿಬಿರಗಳನ್ನು ಹಿರಿಯರು ಬಲ್ಲರು. 1976ರಲ್ಲಿ ಭಾರತವು ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಲಕ್ಷಾಂತರ ಜನರ ಪೊರೆ ತೆಗೆಯಲಾಯಿತು. ಆದರೆ ಗ್ಲಾಕೋಮಾ ಹಾಗೂ ಸಕ್ಕರೆ ಕಾಯಿಲೆಯಿಂದ ಬರುವ ಅಕ್ಷಿಪಟಲದ ತೊಂದರೆಗೆ ಒಂದು ದಿನದ ಶಿಬಿರ ಸಾಲದು. ಮತ್ತೆ ಮತ್ತೆ ಪರೀಕ್ಷೆ ಬೇಕು, ಅದಕ್ಕೆ ಹತ್ತಿರದಲ್ಲೇ ತರಬೇತಿ ಪಡೆದವರು ಬೇಕು.

ಆ ಕೆಲಸವನ್ನು ವೈದ್ಯರೊಬ್ಬರೇ ಮಾಡಲಾಗದು. ದೃಷ್ಟಿ ಪರೀಕ್ಷಿಸಿ ಕನ್ನಡಕ ಸೂಚಿಸುವವರು, ರೋಗದ ಸುಳಿವು ಹಿಡಿದು ವೈದ್ಯರಲ್ಲಿಗೆ ಕಳುಹಿಸುವವರು ಆಪ್ಟೋಮೆಟ್ರಿಸ್ಟರು. ಪ್ರಾಥಮಿಕ ತಪಾಸಣೆಗೆ ನೇತ್ರ ಸಹಾಯಕರಿದ್ದಾರೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದಾದಿಯರು, ರೋಗಿಯ ಭಯ ಹೋಗಲಾಡಿಸಲು ಆಪ್ತಸಮಾಲೋಚಕರು ಬೇಕು. ಮಧುರೈಯಲ್ಲಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭವಾದ ಅರವಿಂದ ಕಣ್ಣಿನ ಆಸ್ಪತ್ರೆಯು ಹಳ್ಳಿಯ ಯುವತಿಯರಿಗೆ ತರಬೇತಿ ನೀಡಿ ಇಂತಹ ಹೊಣೆಗಳನ್ನು ವಹಿಸಿತು. ವೈದ್ಯರ ಸಮಯ ವೈದ್ಯರೇ ಮಾಡಬೇಕಾದ ಕೆಲಸಕ್ಕೆ ಉಳಿಯಿತು. ಅದು ಜಗತ್ತಿಗೇ ಮಾದರಿಯಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಂತೆ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆ ತಡೆಯಬಹುದಾಗಿದ್ದುದು, ಇಲ್ಲವೇ ಇನ್ನೂ ಆರೈಕೆ ಸಿಗದೆ ಉಳಿದುದು.

ವಿದ್ಯಾರ್ಥಿಗಳೇ, ಎಂಬಿಬಿಎಸ್ ಸೀಟು ಸಿಗಲಿಲ್ಲವೆಂದು ಮನೆಯಲ್ಲಿ ಕೊರಗುತ್ತಾ ಕೂರುವವರನ್ನು ಪ್ರತಿವರ್ಷ ನೋಡುತ್ತೇನೆ. ಪಿಯುಸಿ ವಿಜ್ಞಾನದ ನಂತರ ಪ್ರಾಯೋಗಿಕ ತರಬೇತಿಯೂ ಸೇರಿದ ಆಪ್ಟೋಮೆಟ್ರಿ ಪದವಿಯಿದೆ. 2021ರ ಕೇಂದ್ರ ಕಾಯ್ದೆಯು ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಇದು ಸೋತವರ ದಾರಿಯಲ್ಲ, ಗೌರವದ ವೃತ್ತಿ. ಪೋಷಕರೇ, ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ.

ಸಂಘಕ್ಕೆ ನನ್ನದೊಂದು ಬಿನ್ನಹ. ಮುಂದಿನ ವರ್ಷದ ವಿದ್ಯಾರ್ಥಿವೇತನಗಳಲ್ಲಿ ಎರಡನ್ನಾದರೂ ಈ ಕೋರ್ಸಿಗೆ ಮೀಸಲಿಡಿ. ಅವರು ಊರಿಗೆ ಮರಳಿದರೆ, ಬಾಗಿಲಿಗೆ ತಾಗಿ ನಡೆಯುವ ಇನ್ನೊಬ್ಬ ಅಜ್ಜಿಯನ್ನು ಸಕಾಲದಲ್ಲಿ ಗುರುತಿಸುವವರೊಬ್ಬರು ಇರುತ್ತಾರೆ.